ಗಾಣದ ಹೊಗೆಯಲ್ಲಿ ಎರಡು ಕ್ಯಾಮೆರಾ

ಕಬ್ಬಿನ ಬಿಲ್ ಬಂದಿದ್ದೇ ತಡ, ಚಿಮ್ಮಡದಿಂದ ಕಾಕಾನ ಮಗ ಫೋನ್ ಮಾಡಿದ. "ಅಣ್ಣಾ, 45 ಸಾವಿರ ಅದ. ಯಾವ ಕ್ಯಾಮೆರಾ ತಗೊಳ್ಳಲಿ?"

ಅದೇ ವಾರ ಮಾಮಾನ ಫೋನೂ ಬಂತು. ಬನಹಟ್ಟಿ ಸುತ್ತಮುತ್ತ 30 ವರ್ಷದಿಂದ ಮದುವೆ ಫೋಟೊ ತೆಗೆಯೋ ಮನುಷ್ಯ. "ನಂದೂ ಬದಲಿ ಮಾಡಬೇಕೋ ತಮ್ಮಾ."

ಸಾಫ್ಟ್‌ವೇರ್ ಕೆಲಸದವನಿಗೆ ಬಟನ್ ಇರೋದೆಲ್ಲಾ ಗೊತ್ತಿರುತ್ತೆ ಅಂತ ಊರಲ್ಲಿ ನಂಬಿಕೆ. ಮೊದಲ ಬೋನಸ್‌ನಲ್ಲಿ ಕೊಂಡ ನನ್ನ ಡಿಎಸ್‌ಎಲ್‌ಆರ್ ಬೆಂಗಳೂರಿನ ರೂಮಿನಲ್ಲಿ ಧೂಳು ಹಿಡಿದು ಕೂತಿದ್ದು ಅವರಿಗೆ ಗೊತ್ತಿಲ್ಲ. ಕೊಳ್ಳೋ ಮುಂಚೆ ರಾಶಿ ರಿವ್ಯೂ ನೋಡಿದ್ದೆ. ಎಲ್ಲಿ, ಯಾರ ಫೋಟೊ ತೆಗೀತೀನಿ ಅಂತ ಮಾತ್ರ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಅದನ್ನೇ ಹೆಗಲಿಗೆ ಹಾಕ್ಕೊಂಡು ಶುಕ್ರವಾರ ರಾತ್ರಿ ಬಸ್ ಹತ್ತಿದೆ.

ಈ ಸೀಮೆಯಲ್ಲಿ ಚಳಿಗಾಲ ಅಂದ್ರೆ ಕಬ್ಬಿನ ಟ್ರ್ಯಾಕ್ಟರ್. ಹಿಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ರಸ್ತೆ ತುಂಬಾ ತೂಗಾಡುತ್ತಾ ಹೋಗ್ತಾವೆ, ಹಿಂದಿನ ಬಸ್ಸಿಗೆ ದಾರಿ ಸಿಗೋದು ನಸೀಬು. ಬನಹಟ್ಟಿಯಲ್ಲಿ ಇಳಿದರೆ ಓಣಿ ಓಣಿಯಲ್ಲೂ ಮಗ್ಗದ ಸದ್ದು. ಚಿಮ್ಮಡದ ಕಡೆ ಹೊರಟರೆ ಕಬ್ಬು, ಅರಿಶಿಣ, ಮತ್ತೆ ಕಬ್ಬು.

ಮರುದಿನ ನಸುಕಿನ ಐದಕ್ಕೆ ಮೂವರೂ ಬೆಲ್ಲದ ಗಾಣಕ್ಕೆ ಹೋದೆವು. ಅಂಗಡಿಯ ಬಿಳಿ ಲೈಟಿನಲ್ಲಿ ಎಲ್ಲಾ ಕ್ಯಾಮೆರಾನೂ ಚೆನ್ನಾಗೇ ಕಾಣುತ್ತೆ. ಗಾಣದಲ್ಲಿ ಹಾಗಲ್ಲ. ಒಲೆಯ ಕೆಂಪು ಬೆಳಕು, ಮೇಲೊಂದು ಬಲ್ಬು, ನಡುವೆ ಕೊಪ್ಪರಿಗೆಯಿಂದ ಏಳೋ ಹಬೆ. ಹೊರಗಿನ ಚಳಿಯಿಂದ ಒಳಗೆ ಕಾಲಿಟ್ಟಿದ್ದೇ ಲೆನ್ಸ್ ಮಂಜಾಯಿತು. ಒರೆಸಬೇಡಿ, ಹತ್ತು ನಿಮಿಷ ಬಿಟ್ಟರೆ ತಾನೇ ಹೋಗುತ್ತೆ.

ನನ್ನ ಕ್ಯಾಮೆರಾನ ತಮ್ಮನ ಕೈಗೆ ಕೊಟ್ಟೆ. ಜೊತೆಗೆ ಬಂದ 18-55 ಲೆನ್ಸಿನಲ್ಲಿ ಫೋಟೊ ಎಲ್ಲಾ ಅಲುಗಾಡಿದವು. 50 ಎಂಎಂ ಎಫ್/1.8 ಹಾಕಿಕೊಟ್ಟೆ. ಕಿಟ್ ಲೆನ್ಸನ್ನು 55ಕ್ಕೆ ಜೂಮ್ ಮಾಡಿದರೆ ಎಫ್/5.6, ಇದರಲ್ಲಿ ಒಳಬರೋ ಬೆಳಕು ಅದರ ಒಂಬತ್ತು ಪಟ್ಟಿಗೂ ಹೆಚ್ಚು. ಬೆಲ್ಲ ತಿರುವೋ ಅಜ್ಜನ ಮುಖ ಬಂತು, ಹುಬ್ಬಿನ ಬೆವರು ಸಮೇತ. "ಅಣ್ಣಾ, ಇದು ನಾನ ತಗದಿದ್ದನ?" ಅಂದ. ಮೆಗಾಪಿಕ್ಸೆಲ್ ಎಷ್ಟು ಅಂತ ಆಮೇಲೆ ಕೇಳಲೇ ಇಲ್ಲ.

ಮಾಮಾನದು ಕ್ಯಾನನ್ 6ಡಿ. 2012ರಲ್ಲಿ ಬಂದ ಮಾಡೆಲ್, ಫುಲ್ ಫ್ರೇಮ್, ಇವತ್ತಿಗೂ ಗಟ್ಟಿ. ಕಾರ್ಡ್ ಹಾಕೋ ಜಾಗ ಮಾತ್ರ ಒಂದೇ. ಒಂದು ಮದುವೆಯಲ್ಲಿ ಕಾರ್ಡ್ ಕೈಕೊಟ್ಟು ಅಕ್ಕಿಕಾಳಿನ ಫೋಟೊ ಒಂದೂ ಉಳಿಯಲಿಲ್ಲವಂತೆ. "ಆ ಹುಡುಗಿ ಅಪ್ಪ ನನಗ ಬೈಲಿಲ್ಲೋ. ಸುಮ್ನ ಕುಂತ. ಅದಕ್ಕ ಎರಡು ಕಾರ್ಡ್ ಇರೂದ ಬೇಕು."

ಅಜ್ಜನ ಫೋಟೊ ಅವರೂ ತೆಗೆದರು. ತಮ್ಮನದಕ್ಕಿಂತ ಚೌಕಟ್ಟು ಎಷ್ಟೋ ಚೆಂದ, ಹಬೆ ಸರಿಯಾಗಿ ಭುಜದ ಹಿಂದೆ. ದೊಡ್ಡದು ಮಾಡಿ ನೋಡಿದರೆ ಗಡ್ಡ ಸ್ಪಷ್ಟ, ಕಣ್ಣು ಮಸಕು. ಮತ್ತೆ ತೆಗೆದರು. ಮತ್ತೆ ಹಾಗೇ. ನಾವಿಬ್ಬರೂ ಬೇರೆ ಕಡೆ ನೋಡಿದೆವು.

"ಆಪರೇಶನ್ ಆದಮ್ಯಾಲ ಹಿಂಗ ಆಗೇದ," ಅಂದರು ಮಾಮಾ. "ಯಾರಿಗೂ ಹೇಳಿಲ್ಲ. ಗೊತ್ತಾದ್ರ ಆರ್ಡರ್ ಬರೂದಿಲ್ಲ."

ಕಲಿಯೋನಿಗೆ ಆಟೊಮ್ಯಾಟಿಕ್, ಅನುಭವಸ್ಥನಿಗೆ ಮ್ಯಾನುವಲ್ ಅಂತ ಲೆಕ್ಕ ಹಾಕ್ಕೊಂಡು ಬಂದಿದ್ದೆ. ಇಲ್ಲಿ ಅದು ಉಲ್ಟಾ ಆಯ್ತು. ಮನುಷ್ಯರ ಕಣ್ಣನ್ನು ತಾನೇ ಹುಡುಕಿ ಫೋಕಸ್ ಹಿಡಿಯೋ ಮಿರರ್‌ಲೆಸ್ ಬೇಕಿರೋದು ಮಾಮಾಗೆ. ಕ್ಯಾನನ್ ಆರ್6 ಮಾರ್ಕ್ 2 ಆದರೆ ಎರಡು ಕಾರ್ಡ್ ಹಿಡಿಯುತ್ತೆ, ಅಡಾಪ್ಟರ್ ಹಾಕಿದರೆ ಹಳೇ ಲೆನ್ಸ್‌ಗಳೂ ನಡೀತಾವೆ. ಬಾಡಿಗೇ ಎರಡು ಲಕ್ಷದ ಆಸುಪಾಸು, ನಿಜ. ಆದರೆ ಅವರ ಅನ್ನ ಅದರಲ್ಲೇ ಇದೆ.

ಬಿಸಿ ಬೆಲ್ಲ ಎಲೆಯ ಮೇಲೆ ಹಾಕಿಕೊಟ್ಟರು. ತಿನ್ನುತ್ತಾ ಮಾಮಾ 6ಡಿಯ ಬೆಲ್ಟ್ ಕೊರಳಿಂದ ತೆಗೆದು ತಮ್ಮನ ಕೊರಳಿಗೆ ಹಾಕಿದರು.

"25 ಸಾವಿರ ಕೊಡು. ಉಳಿದಿದ್ದರಾಗ ಲೆನ್ಸ್ ತಗೋ. ಮತ್ತ ಮುಂದಿನ ಮದುವಿಗೆ ನನ್ನ ಕೂಡ ಬಾ, ಫೋಕಸ್ ನೀ ನೋಡು."

ಆ ಮದುವೆ ಬರೋ ಭಾನುವಾರ, ತೇರದಾಳದಲ್ಲಿ. ತಮ್ಮ ಈಗಾಗಲೇ ಎರಡು ಬ್ಯಾಟರಿ ಚಾರ್ಜಿಗೆ ಹಾಕಿದ್ದಾನಂತೆ.