ತಂತಿ ಎಲ್ಲಿ ತುಂಡಾಯಿತು?

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಕೋರಮಂಡಲ್‌ನ ಒಂದು ಶಾಲೆ, ಎಂಟನೇ ತರಗತಿ, ಪಾಠ ‘ಶಬ್ದ’. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಬೆಳಗಿನ ರೈಲಿನಲ್ಲಿ ದಿನವೂ ಹೋಗಿಬರುತ್ತಿದ್ದೆ. ಅಲ್ಲಿನ ಮಕ್ಕಳಿಗೆ ಗಿಟಾರ್ ಹೊಸ ವಸ್ತುವಲ್ಲ. ಗಣಿ ಕೆಲಸಗಾರರ ಲೈನುಗಳಲ್ಲಿ ಡಿಸೆಂಬರ್ ಬಂತೆಂದರೆ ಯಾರದೋ ಮನೆಯಿಂದ ಗಿಟಾರ್ ಕೇಳಿಸುತ್ತದೆ. ಆದರೆ ಕೊಂಡ ಗಿಟಾರ್ ಎಲ್ಲರ ಮನೆಯಲ್ಲೂ ಇರುವುದಿಲ್ಲ. ನಮ್ಮ ತರಗತಿಯ ಒಬ್ಬ ಹುಡುಗ ತನ್ನದನ್ನು ತಾನೇ ಮಾಡಿಕೊಂಡಿದ್ದ: ಮೂರಡಿ ಹಲಗೆ, ಒಂದು ತುದಿಗೆ ಎಣ್ಣೆ ಡಬ್ಬ, ಡಬ್ಬದ ಮೇಲೆ ಮರದ ಕುದುರೆ, ಇನ್ನೊಂದು ತುದಿಯಲ್ಲಿ ತಂತಿ ಹಾಯಲು ಅಡ್ಡಲಾಗಿ ಒಂದು ಬೋಲ್ಟು, ಬಿರಡೆಗೆ ಬದಲು ತಿರುಪು ಕೊಕ್ಕೆಗಳು. ತಂತಿ ಮಾತ್ರ ರಾಬರ್ಟ್‌ಸನ್‌ಪೇಟೆಯ ಅಂಗಡಿಯಿಂದ ಬಿಡಿಯಾಗಿ ತಂದದ್ದು.

ಆ ತಂತಿ ಶ್ರುತಿ ಮಾಡುವಾಗಲೆಲ್ಲ ತುಂಡಾಗುತ್ತಿತ್ತು. ನಾಲ್ಕನೆಯ ಸಲ ಶಾಲೆಯಲ್ಲೇ ಹರಿದು, ಅವನ ಕೆನ್ನೆಯ ಮೇಲೆ, ಕಣ್ಣಿನಿಂದ ಎರಡು ಬೆರಳು ಕೆಳಗೆ, ಕೆಂಪು ಗೆರೆ ಎಳೆಯಿತು. ಮಾರ್ಗದರ್ಶಕ ಶಿಕ್ಷಕಿ, “ನಾಳೆಯಿಂದ ಆ ಹಲಗೆ ಶಾಲೆಗೆ ಬರಬಾರದು” ಎಂದರು. ಅವರು ಹೇಳಿದ್ದು ಸರಿಯೇ. ಕಣ್ಣಿಗೆ ಬಿದ್ದಿದ್ದರೆ ಯಾವ ಪಾಠ ಯೋಜನೆಯೂ ಉತ್ತರ ಕೊಡುತ್ತಿರಲಿಲ್ಲ. ಆದರೆ ಹುಡುಗ ಮನೆಯಲ್ಲಿ ಅದೇ ತಂತಿಯನ್ನು ಅದೇ ರೀತಿ ಬಿಗಿಯುತ್ತಾನೆ, ಅಲ್ಲಿ ನೋಡುವವರು ಯಾರೂ ಇರುವುದಿಲ್ಲ. ಎರಡು ಅವಧಿ ಕೊಡಿ ಮೇಡಂ ಎಂದು ಕೇಳಿಕೊಂಡೆ. ಪ್ರಯೋಗಾಲಯದ ಕನ್ನಡಕ, ಬಿಗಿಯುವಾಗ ತಂತಿಯ ಮೇಲೆ ಒಂದು ಬಟ್ಟೆ, ತಂತಿಯ ನೇರಕ್ಕೆ ಯಾರ ಮುಖವೂ ಇರಕೂಡದು ಎಂಬ ಮೂರು ಷರತ್ತು ಹಾಕಿ ಒಪ್ಪಿದರು.

ಈ ಪಾಠಕ್ಕೆ ನಾವೆಲ್ಲ ರಬ್ಬರ್ ಬ್ಯಾಂಡನ್ನೇ ಒಯ್ಯುತ್ತೇವೆ. ಹೆಚ್ಚು ಎಳೆದಂತೆ ಶ್ರುತಿ ಏರುತ್ತದೆ ಎಂದು ಯೋಜನೆಯಲ್ಲಿ ಮೊದಲೇ ಬರೆದುಕೊಂಡಿರುತ್ತೇವೆ. ಎರಡು ಮೊಳೆಗಳ ನಡುವೆ ರಬ್ಬರನ್ನು ಹಿಗ್ಗಿಸಿದರೆ ಬಿಗಿತವೂ ಹೆಚ್ಚುತ್ತದೆ, ಉದ್ದವೂ ಹೆಚ್ಚುತ್ತದೆ. ಒಂದು ಶ್ರುತಿಯನ್ನು ಏರಿಸಿದರೆ ಇನ್ನೊಂದು ಇಳಿಸುತ್ತದೆ. ಕೊನೆಗೆ ಶ್ರುತಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಕಿವಿ ಚುರುಕಾಗಿರುವ ಮಗು “ಬದಲಾಗಲಿಲ್ಲ ಮಿಸ್” ಎಂದರೆ ಅದನ್ನು ಸುಮ್ಮನಿರಿಸಿ ಮುಂದೆ ಹೋಗುವ ತರಗತಿಗಳನ್ನು ನಾನು ಅವಲೋಕನದಲ್ಲಿ ನೋಡಿದ್ದೇನೆ. ಈ ಪಾಠಕ್ಕೆ ತಂತಿಯೇ ಬೇಕು.

ಮೇಜಿನ ಮೇಲೆ ಗಿಟಾರ್‌ನ ಮೊದಲ ತಂತಿ, ಅಂದರೆ ಸುಮಾರು ಕಾಲು ಮಿಲಿಮೀಟರ್ ದಪ್ಪದ್ದು, ಎರಡು ಮರದ ತುಂಡುಗಳ ಮೇಲೆ 60 ಸೆಂ.ಮೀ. ಅಂತರದಲ್ಲಿ ಹಾಯಿಸಿದೆ. ಒಂದು ತುದಿ ಮೊಳೆಗೆ, ಇನ್ನೊಂದು ತುದಿ ರಾಟೆಯ ಮೇಲಿಂದ ಇಳಿದು ಒಂದು ಚೀಲಕ್ಕೆ. ಚೀಲದಲ್ಲಿ ಒಂದು ಲೀಟರ್ ನೀರಿನ ಬಾಟಲಿ. ಮೀಟಿದೆ. ಚರ್ಚಿನ ಗಾಯನ ತಂಡದಲ್ಲಿ ಹಾಡುವ ಹುಡುಗಿಯೊಬ್ಬಳು ಆ ಸ್ವರವನ್ನು ಹಿಡಿದು ‘ಸ’ ಎಂದಳು. ಮೇಲಿನ ‘ಸ’ ಬರಬೇಕಾದರೆ ಎಷ್ಟು ಬಾಟಲಿ ಬೇಕು? ಬಹುತೇಕ ಎಲ್ಲರೂ ಹೇಳಿದ್ದು ಎರಡು. ಎರಡು ಹಾಕಿದೆವು. ಹುಡುಗಿ ತಲೆಯಾಡಿಸಿದಳು. “ಇನ್ನೂ ಪ ಕೂಡ ಬಂದಿಲ್ಲ ಮಿಸ್.” ನಿಜ, ಅದು ಪ್ರತಿ ಮಧ್ಯಮದ ಹತ್ತಿರ ನಿಂತಿತ್ತು. ಮೂರು ಬಾಟಲಿಗೆ ‘ಪ’ ದಾಟಿತು, ಅಷ್ಟೇ. ನಾಲ್ಕನೆಯದು ಬಿದ್ದಾಗ ಅವಳು ಮೊದಲಿನ ಸ್ವರವನ್ನೂ ಈಗಿನದನ್ನೂ ಒಂದರ ಹಿಂದೆ ಒಂದು ಹಾಡಿ ತೋರಿಸಿದಳು. ತರಗತಿ ಅವಳನ್ನು ನಂಬಿತು, ನನ್ನನ್ನಲ್ಲ.

ಈ ನಾಲ್ಕರ ಲೆಕ್ಕವನ್ನು ಹದಿನಾರನೆಯ ಶತಮಾನದ ಕೊನೆಯಲ್ಲಿ ತಂತಿಗಳಿಗೆ ತೂಕ ಕಟ್ಟಿ ಕಂಡುಕೊಂಡವನು ವಿಂಚೆನ್ಸೊ ಗೆಲಿಲಿ. ಅವನು ಲ್ಯೂಟ್ ವಾದಕ, ಗೆಲಿಲಿಯೋನ ತಂದೆ. ಅಲ್ಲಿಯವರೆಗೆ ಪೈಥಾಗೊರಸ್‌ನ ಹೆಸರಿನಲ್ಲಿ ಎರಡರ ಲೆಕ್ಕವೇ ಪುಸ್ತಕದಿಂದ ಪುಸ್ತಕಕ್ಕೆ ನಡೆದುಬಂದಿತ್ತು. ನಮ್ಮ ಮಕ್ಕಳ ಉತ್ತರಕ್ಕೆ ಅಷ್ಟು ಹಳೆಯ ಜೊತೆಗಾರರಿದ್ದಾರೆ ಎಂದು ಹೇಳಿದಾಗ ತರಗತಿಗೆ ಖುಷಿಯಾಯಿತು.

ಈಗ ಹಲಗೆಯ ಲೆಕ್ಕ. ಅಂಗಡಿಯ ಗಿಟಾರ್‌ನಲ್ಲಿ ತಂತಿ ಕಂಪಿಸುವ ಉದ್ದ ಸುಮಾರು 65 ಸೆಂ.ಮೀ. ಮೊದಲ ತಂತಿಯ ಆವೃತ್ತಿ ಸೆಕೆಂಡಿಗೆ ಸುಮಾರು 330. ಅದಕ್ಕೆ ಬೇಕಾದ ಎಳೆತ ಏಳೂವರೆ ಕಿಲೋ ತೂಗುಹಾಕಿದಷ್ಟು. ಒಳ್ಳೆಯ ಉಕ್ಕಿನದಾದರೆ ಆ ತಂತಿ 12ರಿಂದ 14 ಕಿಲೋವರೆಗೆ ತಾಳಬಹುದು. ಹುಡುಗನ ಹಲಗೆಯಲ್ಲಿ ಬೋಲ್ಟಿನಿಂದ ಕುದುರೆಗೆ 90 ಸೆಂ.ಮೀ. ಇತ್ತು. ಅಷ್ಟು ಉದ್ದದಲ್ಲಿ ಅದೇ ಸ್ವರ ಬೇಕೆಂದರೆ ಎಳೆತ 14 ಕಿಲೋ ದಾಟಬೇಕು. ಅಂದರೆ ಸ್ವರಕ್ಕಿಂತ ಮೊದಲು ತಂತಿ ಹೋಗುತ್ತದೆ. ಮೊಬೈಲಿನ ಶ್ರುತಿ ಆ್ಯಪ್ ಇನ್ನೊಂದು ತೊಂದರೆ ಕೊಡುತ್ತದೆ. ಅದರಲ್ಲಿ ದೊಡ್ಡದಾಗಿ ಕಾಣುವುದು ‘ಇ’ ಎಂಬ ಅಕ್ಷರ. 165ಕ್ಕೂ ಅದೇ, 330ಕ್ಕೂ ಅದೇ, 660ಕ್ಕೂ ಅದೇ. ಯಾವ ‘ಇ’ ಎಂಬುದನ್ನು ಕಿವಿಯೇ ಹೇಳಬೇಕು. ಆದ್ದರಿಂದ ಮೊದಲು ಬಾಯಲ್ಲಿ ಹಾಡುವುದು, ಆಮೇಲೆ ಕೊಕ್ಕೆ ತಿರುಗಿಸುವುದು, ಪ್ರತಿ ಕಾಲು ಸುತ್ತಿಗೆ ಒಮ್ಮೆ ಮೀಟಿ ಕೇಳುವುದು ಎಂದು ತರಗತಿಯಲ್ಲಿ ರೂಢಿ ಮಾಡಿದೆವು.

“ದಪ್ಪ ತಂತಿ ಹಾಕಿದ್ರೆ ಆಯ್ತಲ್ಲ ಮಿಸ್?” ಹಿಂದಿನ ಬೆಂಚಿನಿಂದ ಬಂದ ಈ ಪ್ರಶ್ನೆಗೆ ಅರ್ಧ ಅವಧಿ ಹೋಯಿತು, ಹೋಗಬೇಕಾದದ್ದೇ. ಎರಡು ಪಟ್ಟು ದಪ್ಪದ ತಂತಿಯನ್ನು ಮೇಜಿಗೆ ಏರಿಸಿ, ಒಂದು ಬಾಟಲಿಗೆ ಬಂದಿದ್ದ ಆ ಮೊದಲ ‘ಸ’ ಹುಡುಕಿದೆವು. ನಾಲ್ಕು ಬಾಟಲಿ ಕೇಳಿತು. ಎರಡು ಪಟ್ಟು ದಪ್ಪವಾದರೆ ಅಡ್ಡಕೊಯ್ತ ನಾಲ್ಕು ಪಟ್ಟು, ಬಲ ಸುಮಾರು ನಾಲ್ಕು ಪಟ್ಟು. ಆದರೆ ಅದೇ ಸ್ವರಕ್ಕೆ ಬೇಕಾದ ಎಳೆತವೂ ನಾಲ್ಕು ಪಟ್ಟು. ತಂತಿಗೆ ಲಾಭವಿಲ್ಲ, ಹಲಗೆಗೆ ನಷ್ಟ: ಅದು ಬಾಗುತ್ತದೆ, ಕೊಕ್ಕೆ ಕಿತ್ತುಬರುತ್ತದೆ. ಇದನ್ನು ನಾನು ಬೋರ್ಡಿನ ಮೇಲೆ ಸೂತ್ರವಾಗಿ ಬರೆದಿದ್ದರೆ ಆ ಹುಡುಗ ನಕಲು ಮಾಡಿಕೊಂಡು ಸಂಜೆ ದಪ್ಪ ತಂತಿಯನ್ನೇ ಕೊಳ್ಳುತ್ತಿದ್ದ.

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ಮೊದಲ ಮೂರು ತಂತಿಗಳು ಸ್ವರ ಇನ್ನೂ ಕೆಳಗಿದ್ದಾಗಲೇ ಹೋಗಿದ್ದವು ಎಂದು ಹುಡುಗ ಹೇಳುತ್ತಿದ್ದ. ಇದಕ್ಕೆ ದಾರಿ ತೋರಿಸಿದವರು ಅವನ ತಾತ. ಹಲಗೆ ವಿಚಾರವಾಗಿ ಕರೆಸಿದ್ದರಿಂದ ಶಾಲೆಗೆ ಬಂದಿದ್ದರು. 2001ರಲ್ಲಿ ಗಣಿ ಮುಚ್ಚುವವರೆಗೆ ಅವರು ಕೇಜನ್ನು ಇಳಿಸಿ ಏರಿಸುವ ಎಂಜಿನ್ ಮನೆಯಲ್ಲಿ ಕೆಲಸ ಮಾಡಿದವರು. ಇಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋಗಿತ್ತು. ಇಂಥ ಗಣಿಗಳಲ್ಲಿ ಜನರ ಜೀವವೆಲ್ಲ ಉಕ್ಕಿನ ಹಗ್ಗದ ಮೇಲೆ.

“ರೋಪು ನಡುವೆ ಹೋಗೋದು ಕಮ್ಮಿ ಟೀಚರಮ್ಮ. ಕಟ್ಟಿರೋ ಕಡೆ, ಬಗ್ಗೋ ಕಡೆ ಹೋಗುತ್ತೆ. ಅದಕ್ಕೇ ತುದೀನ ಆಗಾಗ ಕತ್ತರಿಸಿ ಹೊಸದಾಗಿ ಕಟ್ಟೋರು, ಚೆನ್ನಾಗಿದ್ರೂ ಕತ್ತರಿಸೋರು. ಇವನ ತಂತಿ ಎಲ್ಲಿ ಹೋಯ್ತು ಅಂತ ನೋಡಿದ್ರಾ?”

ಹುಡುಗ ಹಳೆಯ ತುಂಡುಗಳನ್ನು ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟಿದ್ದ. ಬಿಳಿ ಹಾಳೆಯ ಮೇಲೆ ಹರಡಿ, ಗಂಟಿನಿಂದ ತುಂಡಾದ ಜಾಗಕ್ಕೆ ಅಳೆದೆವು. ಮೂರು ತಂತಿಗಳು ಒಂದೇ ಜಾಗದಲ್ಲಿ, ಬೋಲ್ಟಿನ ಮೇಲೆ ಬಾಗುವಲ್ಲಿ ಹೋಗಿದ್ದವು. ಬೋಲ್ಟಿನ ಮರೆಗಳು ಗರಗಸದ ಹಲ್ಲಿನಂತೆ ತಂತಿಯನ್ನು ತಿಂದಿದ್ದವು. ಬಿಗಿಯುವಾಗ ತಂತಿ ಅಲ್ಲಿ ಸಿಕ್ಕಿಕೊಂಡು, ಕೊಕ್ಕೆಯ ಕಡೆ ಎಳೆತ ಏರುತ್ತಿದ್ದರೂ ಮೀಟುವ ಕಡೆ ಸ್ವರ ಏರುತ್ತಿರಲಿಲ್ಲ. ಹಾಗಾಗಿ ಇನ್ನೂ ತಿರುಗಿಸುತ್ತಿದ್ದ. ನಾಲ್ಕನೆಯದು ಮಾತ್ರ ನಡುವೆ ಹೋಗಿತ್ತು. ಅಂದು ಅವನು ಬೋಲ್ಟಿಗೆ ಬಟ್ಟೆ ಸುತ್ತಿದ್ದನಂತೆ. ಅದು 90 ಸೆಂ.ಮೀ. ಉದ್ದದ ಕೆಲಸ.

ಬೋಲ್ಟು ಹೋಯಿತು. ಹಳೆಯ ಟೂತ್‌ಬ್ರಷ್‌ನ ಹಿಡಿಯನ್ನು ಕತ್ತರಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಕುದುರೆಯಿಂದ 65 ಸೆಂ.ಮೀ. ದೂರಕ್ಕೆ ಅಂಟಿಸಿದ. ಹಿಂದೆ ಉಳಿದ 25 ಸೆಂ.ಮೀ. ತಂತಿ ಸ್ವರದ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನು ಅವನೇ ಗೆಳೆಯರಿಗೆ ವಿವರಿಸಿದ. ತಂತಿ ಕೂರುವ ಕಚ್ಚಿಗೆ ಪೆನ್ಸಿಲ್ ಸೀಸ ಉಜ್ಜಿದ; ಸಿಕ್ಕಿಕೊಳ್ಳದೆ ಜಾರುತ್ತದೆ. ಕೊಕ್ಕೆಗೆ ಸುತ್ತುವಾಗ ಒಂದರ ಮೇಲೊಂದು ಏರದಂತೆ ಪಕ್ಕಪಕ್ಕ ಮೂರು ಸುತ್ತು. ಬಟ್ಟೆ ಹೊದಿಸಿ, ಕನ್ನಡಕ ಹಾಕಿಕೊಂಡು, ಕಾಲು ಸುತ್ತು, ಮೀಟು, ಹಾಡು. ಹದಿನೈದು ನಿಮಿಷ ಹಿಡಿಯಿತು. ತಂತಿ ನಿಂತಿತು. ಮಾರ್ಗದರ್ಶಕ ಶಿಕ್ಷಕಿ ಅವಲೋಕನ ಹಾಳೆಯಲ್ಲಿ ‘ಸಮಯ ಪಾಲನೆ’ಯ ಮುಂದೆ ಕಡಿಮೆ ಅಂಕ ಕೊಟ್ಟರು, ಹಲಗೆಯ ನಿಷೇಧವನ್ನು ಮಾತ್ರ ವಾಪಸ್ ತೆಗೆದುಕೊಂಡರು.

ಗಂಟೆ ಹೊಡೆದ ಮೇಲೆ ಗಾಯನ ತಂಡದ ಹುಡುಗಿ ನನ್ನ ಮೇಜಿಗೆ ಬಂದಳು. “ದಪ್ಪದಿಂದ ಉಪಯೋಗ ಇಲ್ಲ ಅಂದ್ರಿ. ಮತ್ತೆ ಅಂಗಡಿ ಗಿಟಾರಲ್ಲಿ ಕೆಳಗಿನ ತಂತಿಗೆ ಮೇಲಿಂದ ಇನ್ನೊಂದು ತಂತಿ ಸುತ್ತಿರ್ತಾರಲ್ಲ, ಯಾಕೆ ಮಿಸ್?” ಅದು ಗಟ್ಟಿಗಾಗಿ ಅಲ್ಲ, ತಂತಿ ಸೆಡೆಯದೆ ಭಾರವಾಗಲಿ ಎಂದು. ಆದರೆ ಅವಳಿಗೆ ಉತ್ತರ ಹೇಳಲಿಲ್ಲ. ಸುತ್ತಿದ ತಂತಿ ಒಂದು, ಅಷ್ಟೇ ದಪ್ಪದ ಸುತ್ತಿಲ್ಲದ ತಂತಿ ಒಂದು ತಂದು ಬೆರಳಲ್ಲಿ ಬಾಗಿಸಿ ನೋಡಲು ಹೇಳಿದೆ. ಮುಂದಿನ ಅವಧಿ ಸೋಮವಾರವಿತ್ತು.