ಡ್ರೇಕ್ ದಾಟುವಾಗ ಮುಚ್ಚಿದ ಕಿಟಕಿ

ಉಶುವಾಯಾ ಬಂದರು ಬಿಟ್ಟು ಮೂರು ಗಂಟೆ ಆಗಿತ್ತಷ್ಟೇ. ಯಾರೋ ಕ್ಯಾಬಿನ್ ಬಾಗಿಲು ತಟ್ಟಿದರು. ತೆಗೆದರೆ ಫಿಲಿಪೀನ್ಸ್‌ನ ಸ್ಟೀವರ್ಡ್ ಹುಡುಗ. "ಸಾರಿ ಮ್ಯಾಮ್, ಕ್ಯಾಪ್ಟನ್ ಆರ್ಡರ್" ಅಂದವನೇ ಸೀದಾ ಕಿಟಕಿ ಹತ್ತಿರ ಹೋದ.

ನಮ್ಮದು ಗುಂಡು ಕಿಟಕಿ. ಅದರ ಮೇಲ್ಗಡೆ ಕೊಕ್ಕೆಗೆ ಸಿಕ್ಕಿಸಿದ್ದ ಒಂದು ದಪ್ಪ ಲೋಹದ ತಟ್ಟೆ. ಹಳೇ ಹಡಗಿನ ಕಳೆ ಬರಲಿ ಅಂತ ಇಟ್ಟಿರಬೇಕು ಅಂದುಕೊಂಡಿದ್ದೆ. ಅವನು ಅದನ್ನು ಇಳಿಸಿ ಗಾಜಿನ ಮೇಲೆ ಕೂರಿಸಿದ, ಅಕ್ಕಪಕ್ಕದ ಬೋಲ್ಟ್‌ಗಳನ್ನು ಮಡಚಿ ಕಿವಿ ಇರುವ ನಟ್‌ಗಳನ್ನು ತಿರುಗಿಸಿದ. ಕೈಯಲ್ಲಿ ಆದಷ್ಟು ಬಿಗಿದ ಮೇಲೆ ಒಂದು ತುಂಡು ಪೈಪ್ ಸಿಕ್ಕಿಸಿ ಇನ್ನರ್ಧ ಸುತ್ತು. ರಾತ್ರಿ ಒಂಬತ್ತಾದರೂ ಹೊರಗೆ ಬೆಳಕಿತ್ತು, ಡಿಸೆಂಬರ್ ಅಂದರೆ ಅಲ್ಲಿ ಬೇಸಿಗೆ. ಬೀಗಲ್ ಕಾಲುವೆ, ಹಿಮದ ಬೆಟ್ಟ ಎಲ್ಲ ಒಂದೇ ಸಲಕ್ಕೆ ಮಾಯ.

"ಎಂತದೇ ಇದು?" ಅಂದಳು ಅಮ್ಮ.

ಇಲ್ಲೊಂದು ವಿಷಯ ಹೇಳಬೇಕು. ಮುಚ್ಚಿದ ಕೋಣೆ ಅಂದರೆ ಅಮ್ಮನಿಗೆ ಆಗುವುದಿಲ್ಲ. ಎರಡು ವರ್ಷದ ಹಿಂದೆ ಎಂಆರ್‌ಐ ಮಾಡಿಸಲು ಹೋಗಿ ಅರ್ಧಕ್ಕೇ ಎದ್ದು ಬಂದವಳು. ಅಂಟಾರ್ಕ್ಟಿಕಾ ನೋಡಬೇಕು ಅನ್ನುವ ಆಸೆ ಅವಳದ್ದು, ಐದು ವರ್ಷದ ಬೋನಸ್ ನನ್ನದು. ಬುಕ್ ಮಾಡುವಾಗ ನಾನು ಎರಡೆರಡು ಸಲ ನೋಡಿದ್ದು ಒಂದನ್ನೇ: ಕಿಟಕಿ ಇದೆಯಾ? ಇತ್ತು. ಮೂರನೇ ಡೆಕ್, ಹಡಗಿನ ನಡುಭಾಗ, ಎಲ್ಲಕ್ಕಿಂತ ಕಡಿಮೆ ದರ. ಹಡಗು ಹೊರಳಾಡುವಾಗ ಕೆಳಗಿನ ನಡುಭಾಗವೇ ಕಡಿಮೆ ಅಲ್ಲಾಡುವುದು ಅಂತ ಓದಿ ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ.

ರಿಸೆಪ್ಷನ್‌ಗೆ ಓಡಿದೆ. "ಕಿಟಕಿಗೆ ದುಡ್ಡು ಕೊಟ್ಟಿದ್ದೇನೆ" ಅಂತ ಸ್ವಲ್ಪ ಜೋರಾಗಿಯೇ ಹೇಳಿದೆ. ಈಗ ನೆನೆಸಿಕೊಂಡರೆ ನಾಚಿಕೆ. ಅಲ್ಲಿದ್ದ ಅಧಿಕಾರಿ ಬೇಜಾರು ಮಾಡಿಕೊಳ್ಳದೆ ಒಂದು ಕಾಗದದ ಮೇಲೆ ಹಡಗಿನ ಚಿತ್ರ ಬರೆದು ತೋರಿಸಿದ.

ಮೂರನೇ ಡೆಕ್‌ನ ಕಿಟಕಿ ಸಮುದ್ರಕ್ಕೆ ಹತ್ತಿರ. ಹಡಗು ಒಂದು ಪಕ್ಕಕ್ಕೆ ವಾಲಿದಾಗ ಅದು ನೀರಿನೊಳಗೇ ಮುಳುಗಿ ಏಳುತ್ತದೆ. ಒಂದು ಘನ ಮೀಟರ್ ಸಮುದ್ರದ ನೀರು ಒಂದು ಟನ್ನಿಗಿಂತ ಭಾರ. ಅಷ್ಟು ಭಾರ ಓಡಿ ಬಂದು ಹೊಡೆಯುವುದು ಗಾಜಿಗೆ. ಗಾಜೇನೋ ಹದ ಮಾಡಿದ ದಪ್ಪ ಗಾಜು. ಕಿಟಕಿ ಗುಂಡಗಿರುವುದಕ್ಕೂ ಕಾರಣ ಇದೆ: ಚೌಕಾಕಾರ ಆದರೆ ಒತ್ತಡವೆಲ್ಲ ಮೂಲೆಗಳಲ್ಲಿ ಸೇರಿ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಇಷ್ಟಾದರೂ ಗಾಜು ಗಾಜೇ. ಅದು ಒಡೆದರೂ ನೀರು ಒಳಗೆ ಬರಬಾರದು ಅಂತಲೇ ಈ ಮುಚ್ಚಳ. ಅದರ ಅಂಚಿನುದ್ದಕ್ಕೂ ರಬ್ಬರ್ ಪಟ್ಟಿ ಇರುತ್ತದೆ, ಪೈಪ್ ಹಾಕಿ ಬಿಗಿದದ್ದು ಆ ರಬ್ಬರ್ ಅದುಮಿ ಕೂರಲಿ ಅಂತ. ನೀರಿನ ಮಟ್ಟಕ್ಕೆ ಹತ್ತಿರವಿರುವ ಇಂಥ ಕಿಟಕಿಗಳಿಗೆ ಒಳಗಿನಿಂದ ಮುಚ್ಚುವ ಮುಚ್ಚಳ ಇರಲೇಬೇಕು ಅಂತ ಅಂತರರಾಷ್ಟ್ರೀಯ ಸುರಕ್ಷತಾ ನಿಯಮವೇ ಇದೆ.

ಇಂಗ್ಲಿಷಿನಲ್ಲಿ ಇದರ ಹೆಸರು ಡೆಡ್‌ಲೈಟ್. ಅಮ್ಮನಿಗೆ ಈ ಹೆಸರು ಮಾತ್ರ ನಾನು ಹೇಳಲಿಲ್ಲ.

"ಮತ್ತೆ ಗಾಳಿ?" ಅಂತ ಕೇಳಿದೆ. ಆತ ನಕ್ಕ. ಆ ಕಿಟಕಿ ತೆರೆಯುವುದೇ ಇಲ್ಲವಂತೆ, ಗಾಳಿ ಬರುವುದು ಚಾವಣಿಯ ಕೊಳವೆಯಿಂದ. ವಾಪಸ್ ಬಂದು ಅಮ್ಮನ ಕೈ ಹಿಡಿದು ಆ ಕಿಂಡಿಗೆ ಒಡ್ಡಿಸಿದೆ. ತಣ್ಣಗೆ ಗಾಳಿ ಬಡಿಯಿತು. ಅವಳು ಸ್ವಲ್ಪ ಹೊತ್ತು ಹಾಗೇ ನಿಂತು, "ಮಳೆಗಾಲಕ್ಕೆ ಜಗಲಿಗೆ ಸೋಗೆ ತಟ್ಟಿ ಕಟ್ತಿದ್ವಲ್ಲ, ಹಾಗೇ ಅಂದ್ಕೊಳ್ತೇನೆ" ಅಂದಳು. ಸಾಗರದ ಕಡೆಯವಳು. ಜೂನ್ ಬಂತು ಅಂದರೆ ಮನೆಯೊಳಗೆ ಕತ್ತಲೆ ಅನ್ನುವುದು ಅವಳಿಗೆ ಹೊಸದಲ್ಲ. ಆದರೂ ಬಾತ್‌ರೂಮ್ ಲೈಟ್ ಆರಿಸಲು ಬಿಡಲಿಲ್ಲ.

ಡ್ರೇಕ್ ಜಲಮಾರ್ಗ ಅಂದರೆ ದಕ್ಷಿಣ ಅಮೆರಿಕದ ಕೇಪ್ ಹಾರ್ನ್ ಮತ್ತು ಅಂಟಾರ್ಕ್ಟಿಕಾ ಕಡೆಯ ದಕ್ಷಿಣ ಶೆಟ್‌ಲೆಂಡ್ ದ್ವೀಪಗಳ ನಡುವಿನ ಸುಮಾರು 800 ಕಿಲೋಮೀಟರ್ ಸಮುದ್ರ. ಆ ಅಕ್ಷಾಂಶದಲ್ಲಿ ಭೂಮಿಯನ್ನು ಒಂದು ಸುತ್ತು ಹಾಕಿದರೂ ಗಾಳಿಗೆ ಅಡ್ಡ ನಿಲ್ಲುವ ನೆಲವೇ ಇಲ್ಲ. ಅಲೆ ಬೆಳೆಯುತ್ತಲೇ ಬರುತ್ತದೆ. ದಾಟಲು ಹೆಚ್ಚುಕಡಿಮೆ ಎರಡು ದಿನ.

ಆ ರಾತ್ರಿ ಎರಡು ಗಂಟೆಗೆ ಶುರುವಾಯಿತು. ಮುಚ್ಚಳದ ಆಚೆ ಮೊದಲು ಉಸಿರೆಳೆದಂಥ ಸದ್ದು, ಆಮೇಲೆ ಯಾರೋ ಮರಳಿನ ಮೂಟೆ ಎಸೆದ ಹಾಗೆ ಧಡ್. ಹಾಸಿಗೆ ಜಾರುತ್ತಿತ್ತು, ಡ್ರಾಯರ್ ತಾನಾಗಿ ತೆರೆದು ಮುಚ್ಚುತ್ತಿತ್ತು. ಕಾಣದೇ ಇದ್ದದ್ದು ಒಳ್ಳೆಯದೇ ಆಯ್ತು ಅಂತ ನನಗೆ ಮೊದಲ ಬಾರಿ ಅನ್ನಿಸಿತು. ಅಮ್ಮನಿಗೆ ಹಾಗನ್ನಿಸಲಿಲ್ಲ. ಬೆಳಗಾಗುತ್ತಲೇ ಅವಳನ್ನು ಕಂಬಿ ಹಿಡಿಸಿ ಮೇಲಿನ ಲೌಂಜ್‌ಗೆ ಕರೆದುಕೊಂಡು ಹೋದೆ. ಅಲ್ಲಿ ದೊಡ್ಡ ಕಿಟಕಿಗಳು, ಆದರೆ ಕುಲುಕಾಟವೂ ಹೆಚ್ಚು. ವಾಂತಿ ಚೀಲ ಹಿಡಿದುಕೊಂಡೇ ದಿನವಿಡೀ ಕೂತಳು. ಕೆಳಗೆ ಹೋಗೋಣವಾ ಅಂದರೆ ತಲೆ ಆಡಿಸಿ ಬೇಡ ಅನ್ನುವುದು.

ಲೌಂಜ್‌ನಲ್ಲಿ ಯಾರೋ ಹಳೇ ಸುದ್ದಿ ತೆಗೆದರು. 2022ರ ನವೆಂಬರ್ 29ರಂದು ಇದೇ ಕೇಪ್ ಹಾರ್ನ್ ಹತ್ತಿರ, ಉಶುವಾಯಾಕ್ಕೆ ಹೊರಟಿದ್ದ ವೈಕಿಂಗ್ ಪೋಲಾರಿಸ್ ಹಡಗಿಗೆ ದೊಡ್ಡ ಅಲೆ ಬಡಿದು ಕೆಲವು ಕ್ಯಾಬಿನ್‌ಗಳ ಕಿಟಕಿ ಒಡೆದು, ಒಬ್ಬ ಪ್ರಯಾಣಿಕರು ತೀರಿಕೊಂಡರು. 2014ರ ಫೆಬ್ರವರಿಯಲ್ಲಿ ಇಂಗ್ಲಿಷ್ ಚಾನೆಲ್‌ನಲ್ಲಿ ಮಾರ್ಕೊ ಪೋಲೊ ಹಡಗಿನ ಕಿಟಕಿಗೂ ಹೀಗೇ ಅಲೆ ನುಗ್ಗಿ 85 ವರ್ಷದ ಹಿರಿಯರೊಬ್ಬರು ಹೋದರು. ಕೇಳಿಸಿಕೊಂಡ ಮೇಲೆ ರಿಸೆಪ್ಷನ್ ಮುಂದೆ ಹಾದುಹೋಗುವಾಗ ನಾನು ಆ ಅಧಿಕಾರಿಯ ಕಡೆ ನೋಡಲೇ ಇಲ್ಲ.

ನೀವೂ ಇಂಥ ಕಡೆ ಹೊರಟರೆ ಬುಕ್ ಮಾಡುವಾಗಲೇ ಕೇಳಿ: ಕಿಟಕಿಗೆ ಮುಚ್ಚಳ ಹಾಕ್ತೀರಾ, ಎಷ್ಟು ಹೊತ್ತು? ಜೊತೆಗೆ ಬರುವವರಿಗೆ ಮುಂಚೆಯೇ ಹೇಳಿಡಿ. ನಾನು ಹೇಳಿರಲಿಲ್ಲ, ನನಗೇ ಗೊತ್ತಿರಲಿಲ್ಲವಲ್ಲ.

ಮೂರನೇ ಬೆಳಗ್ಗೆ ಅದೇ ಹುಡುಗ, ಅದೇ ಪೈಪ್. ಮುಚ್ಚಳ ಎತ್ತಿದ. ಗಾಜಿನ ಹೊರಗೆ ಉಪ್ಪು ಒಣಗಿ ಬಿಳಿ ಗೆರೆ ಕಟ್ಟಿತ್ತು, ಅದರಾಚೆ ನೀಲಿ ಛಾಯೆಯ ಒಂದು ಹಿಮಗಡ್ಡೆ ಮೆಲ್ಲಗೆ ಸರಿಯುತ್ತಿತ್ತು. ಅಮ್ಮ ಹಾಸಿಗೆಯ ಮೇಲೆ ಮಂಡಿಯೂರಿ ಗಾಜಿಗೆ ಹಣೆ ಒತ್ತಿಕೊಂಡು ಕೂತವಳು ತಿಂಡಿಗೂ ಏಳಲಿಲ್ಲ.

ವಾಪಸ್ ಬರುವಾಗ ಮತ್ತೆ ಡ್ರೇಕ್, ಮತ್ತೆ ಬಾಗಿಲು ತಟ್ಟಿದ ಸದ್ದು. ಈ ಸಲ ಬಾಗಿಲು ತೆಗೆದದ್ದು ಅಮ್ಮ. ಹುಡುಗ ಎರಡೂ ನಟ್ ಬಿಗಿದು ಹೊರಡುವಾಗ ಅವಳು ಅವನ ಜೇಬಿನಲ್ಲಿದ್ದ ಪೈಪ್ ಕಡೆ ಬೆರಳು ತೋರಿಸಿ ಕನ್ನಡದಲ್ಲೇ ಅಂದಳು: "ಅದನ್ನೂ ಹಾಕಿ ಒಂದ್ಸಲ ತಿರುಗಿಸು ಮಾರಾಯ."