ಫಾತೋರ್ಡೆಯ ಆಟದ ಬಯಲಿನಲ್ಲಿ ಒಂದು ಸಂಜೆ

ಸಂಸ್ಕೃತ ಕಲಿಸಿ ನಿವೃತ್ತನಾದ ಮಾಸ್ತರನಿಗೆ ಕಾಲ್ಚೆಂಡಿನ ಹುಚ್ಚೇಕೆಂದು ವಾಚಕರು ನಗಬಹುದು. 2013ರಲ್ಲಿ ಹುಟ್ಟಿ, ಆಡಿದ ಮೊದಲ ಸಲವೇ ಐ-ಲೀಗ್ ಗೆದ್ದ ಬೆಂಗಳೂರು ತಂಡದ ಅಭಿಮಾನವು, ಬಬಲೇಶ್ವರದ ಮನೆಯಲ್ಲಿ ಟೀವಿಯ ಮುಂದೆ ಕುಳಿತಲ್ಲಿಯೇ ನನಗಂಟಿತು. ಆ ತಂಡವು 2025ರ ಏಪ್ರಿಲ್ 6ರಂದು ಗೋವೆಯವರೊಡನೆ ಮಡಗಾಂವಿಯ ಹೊರವಲಯವಾದ ಫಾತೋರ್ಡೆಯಲ್ಲಿ ಆಡುವುದೆಂದು ತಿಳಿದು, ಹೊರಟೆನು. ಅಲ್ಲಿ ತಿಕೋಟೆಯ ನನ್ನ ಹಳೆಯ ಶಿಷ್ಯನೊಬ್ಬನು ಗೌಂಡಿ ಕೆಲಸ ಮಾಡಿಕೊಂಡಿರುವನು. ಮಳೆ ಕೈಕೊಟ್ಟಾಗ ನಮ್ಮ ಸೀಮೆಯವರು ದುಡಿಮೆಗೆ ಗೋವೆಯ ದಾರಿ ಹಿಡಿಯುವುದು ಹೊಸದೇನೂ ಅಲ್ಲ.

ಹುಬ್ಬಳ್ಳಿಯಿಂದ ಹೊರಟ ರೈಲು ಲೋಂಡಾ ದಾಟಿ ಘಟ್ಟವನ್ನಿಳಿಯಿತು. ಬೇಸಗೆಯಾದ್ದರಿಂದ ದೂಧಸಾಗರವು ಬಂಡೆಯ ಮೇಲಿನ ಒಂದೆಳೆ ನೂಲಿನಂತಿತ್ತು. ಎರೆಮಣ್ಣಿನ ಬಟ್ಟಬಯಲನ್ನೇ ಕಂಡ ಕಣ್ಣಿಗೆ ಆ ಹಸುರು ಹಬ್ಬವಾಯಿತು.

ಅಂದು ರಾಮನವಮಿ. ಶಿಷ್ಯನ ಮನೆಯವಳು ಪಾನಕ ಕೋಸಂಬರಿಗಳನ್ನು ತಂದಿಟ್ಟಳು. ನಾನು ತಿಕೋಟೆಯ ಒಣದ್ರಾಕ್ಷಿಯ ಗಂಟನ್ನು ಬಿಚ್ಚಿದೆನು. ಹತ್ತು ವರ್ಷದ ಮಗನು ಗೋವೆಯ ಕಿತ್ತಳೆಬಣ್ಣದ ಅಂಗಿ ತೊಟ್ಟು ಬಂದು, ನನ್ನ ನೀಲಿ ಶಾಲನ್ನು ಕಂಡು, “ಅಜ್ಜಾರ, ನೀವು ಅವರ ಕಡೀರೇನು?” ಎಂದು ಕೇಳಿದನು.

“ನೀನು ನಮ್ಮ ಕಡೆಯವನಲ್ಲವೇನೋ?” ಎಂದೆನು.

ತಂದೆಯು ಸಂಕೋಚದಿಂದ, “ಸರ, ಅಂವ ಇಲ್ಲೇ ಹುಟ್ಯಾನ್ರಿ. ಜನ್ಮಭೂಮಿ ಅಂದ್ರ ಹುಟ್ಟಿದ ನೆಲ ಅಂತ ನೀವ ಕಲಿಸಿದ್ರಲ್ಲರೀ” ಎಂದನು. ಮೂವತ್ತು ವರ್ಷ ನಾನು ಹೇಳಿದ ಅರ್ಥವು ನನ್ನೆದುರಿಗೇ ಬಂದು ನಿಂತಿತು.

ಸಂಜೆ ಮೂವರೂ ಹೋದೆವು. 1989ರಲ್ಲಿ ತೆರೆದ ಆ ಕ್ರೀಡಾಂಗಣದಲ್ಲಿ ಸುಮಾರು 19,000 ಜನ ಕೂಡಬಹುದು. ನಮ್ಮ ಗೋಳಗುಮ್ಮಟದಲ್ಲಿ ಒಬ್ಬನ ಕೂಗು ಏಳು ಸಲ ಮರಳುವುದು. ಇಲ್ಲಿ ಸಾವಿರಾರು ಕೊರಳುಗಳು ಒಂದೇ ಕೂಗಾಗುವುವು. ಗೋವೆಯವರ ನಡುವೆ ನೀಲಿ ಶಾಲು ಹೊದ್ದವನು ಸುತ್ತಮುತ್ತ ನಾನೊಬ್ಬನೇ. ಆದರೂ ಪಕ್ಕದ ಮುದುಕರು ಸರಿದು ಜಾಗ ಕೊಟ್ಟರು.

ನಾಲ್ಕು ದಿನದ ಹಿಂದೆ ಬೆಂಗಳೂರಿನಲ್ಲಿ ನಡೆದ ಆಟವನ್ನು ನಮ್ಮವರು 2-0 ಗೆದ್ದಿದ್ದರು. ಎರಡೂ ಆಟಗಳ ಗೋಲುಗಳನ್ನು ಕೂಡಿಸಿ ಅಂತಿಮ ಪಂದ್ಯಕ್ಕೆ ಹೋಗುವವರನ್ನು ಆರಿಸುವುದು ಆಗಿನ ನಿಯಮವಾಗಿತ್ತು. ವಿರಾಮದ ಬಳಿಕ ಗೋವೆಯ ಬೋರ್ಹಾ ಹೆರೆರಾ ಒಂದು ಗೋಲು ಹೊಡೆದನು. ಆಟ ಮುಗಿಯಲು ಎರಡೇ ನಿಮಿಷವಿದ್ದಾಗ ಸಾದಿಕು ಇನ್ನೊಂದು ಹೊಡೆದು ಲೆಕ್ಕ ಸಮಮಾಡಿದನು. ಹುಡುಗನು ಬೆಂಚಿನ ಮೇಲೆ ಹತ್ತಿ ಕುಣಿದನು. ಆದರೆ ಹೆಚ್ಚುವರಿ ನಿಮಿಷಗಳಲ್ಲಿ ನಲವತ್ತು ವರ್ಷದ ಸುನಿಲ್ ಛೇತ್ರಿ ಚೆಂಡಿಗೆ ತಲೆಯೊಡ್ಡಿ ಗೋಲು ಮಾಡಿದನು. ಅಂದಿನ ಆಟ ಗೋವೆಯದು. ಒಟ್ಟು ಗೆಲವು 3-2ರಿಂದ ಬೆಂಗಳೂರಿನದು.

ಬಬಲೇಶ್ವರದಲ್ಲಾಗಿದ್ದರೆ ಮನೆ ನಡುಗುವಂತೆ ಕೂಗುತ್ತಿದ್ದೆನು. ಇಲ್ಲಿ ಬಾಯಿ ತೆರೆದವನು ಪಕ್ಕಕ್ಕೆ ನೋಡಿದೆನು. ಹುಡುಗನು ತನ್ನ ಕಿತ್ತಳೆ ಅಂಗಿಯಿಂದಲೇ ಕಣ್ಣೊರಸಿಕೊಳ್ಳುತ್ತಿದ್ದನು. ಅವನ ತಂದೆ ನಗಲೂ ಇಲ್ಲ, ಅಳಲೂ ಇಲ್ಲ; ಇಬ್ಬರ ನಡುವೆ ಸುಮ್ಮನೆ ಕುಳಿತಿದ್ದನು. ತನ್ನ ಊರು ಯಾವುದೆಂಬುದನ್ನು ಅವನು ನನ್ನೆದುರಿಗಾಗಲಿ ಮಗನೆದುರಿಗಾಗಲಿ ಹೇಳಲಾರನು.

ಶಾಲನ್ನು ಮಡಿಚಿ ಚೀಲದಲ್ಲಿಟ್ಟು, ಹುಡುಗನ ಕೈ ಹಿಡಿದು ಹೊರಬಂದೆನು. ಸ್ವಲ್ಪ ದೂರ ನಡೆದ ಮೇಲೆ ಅವನೇ, “ಅಜ್ಜಾರ, ಮುಂದಿನ ವರ್ಷಾನೂ ಬರ್ರಿ. ಆವಾಗ ನಾವ ಗೆಲ್ತೇವಿ” ಎಂದನು.

ಬರುತ್ತೇನೆಂದು ಮಾತು ಕೊಟ್ಟೆನು.